ಹೊಸ ಹೋಟೆಲಿಗೆ ಹೋದರೆ ಮೊದಲು ಏನು ತಿಂದು ನೋಡುತ್ತೀರಿ?

ಬೋಗಾದಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿದೆ, ಕೇಳಿಬಿಡುತ್ತೇನೆ.

ಹೋದ ಭಾನುವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಮೈಸೂರಿನಲ್ಲಿ ನಮ್ಮ ಮನೆ ಹತ್ತಿರ ಹೊಸದಾಗಿ ಶುರುವಾದ ಹೋಟೆಲಿಗೆ ಹೋಗಿದ್ದೆ. ಹೆಸರು ಬೇಡ. ಬೆಳಗ್ಗೆ ಒಂಬತ್ತೂವರೆ, ಕಾಲಿಡಲು ಜಾಗ ಇಲ್ಲ. ಮೂರು ಮಸಾಲೆ ದೋಸೆ ಹೇಳಿ ಅರ್ಧ ಗಂಟೆ ಕಾದೆವು. ಬಂದ ದೋಸೆ ಕೆಳಗೆ ಕಪ್ಪು, ಮಡಿಸಿದ ಜಾಗದಲ್ಲಿ ಹಿಟ್ಟು ಹಸಿಹಸಿ. ಪಲ್ಯ ತಣ್ಣಗಿತ್ತು. ಕೆಂಪು ಚಟ್ನಿ ಒಂದು ಮೂಲೆಯಲ್ಲಿ ಗುಡ್ಡೆಯಾಗಿ ಕೂತಿತ್ತು, ಉಳಿದ ಕಡೆ ಸವರಿಯೇ ಇಲ್ಲ. ನಮ್ಮಪ್ಪ ಎಲೆಯಲ್ಲಿ ಒಂದು ಅಗುಳು ಬಿಡುವವರಲ್ಲ. ಅವರು ಅರ್ಧ ದೋಸೆ ಬಿಟ್ಟು ಕೈ ತೊಳೆಯಲು ಎದ್ದರು. ಏನೂ ಅನ್ನಲಿಲ್ಲ. ಅದನ್ನು ನೋಡಿ ನನಗೆ ತುಂಬಾ ಬೇಜಾರಾಯಿತು.

ಮನೆಗೆ ಬಂದು ಒಂದು ಸ್ಟಾರ್ ಕೊಟ್ಟು ಬರೆದೆ. ನಮ್ಮ ಮನೆಯವರು ಅದನ್ನು ಓದಿ, "ಒಂದು ದೋಸೆ ತಿಂದು ಇಡೀ ಹೋಟೆಲೇ ಸರಿಯಿಲ್ಲ ಅಂತ ಬರೆಯೋದಾ? ಅವರೂ ಸಾಲ ಮಾಡಿ ಹಾಕಿರ್ತಾರೆ" ಅಂದರು. ಸದ್ಯಕ್ಕೆ ಬರೆದಿದ್ದನ್ನು ತೆಗೆದಿದ್ದೇನೆ. ಈಗ ನೀವು ಹೇಳಿ. ಹೊಸ ಹೋಟೆಲನ್ನು ಯಾವ ತಿಂಡಿ ತಿಂದು ಅಳೆಯಬೇಕು? ಎಷ್ಟು ಸಲ ಹೋದ ಮೇಲೆ ಮಾತಾಡಬಹುದು?

ಚಾಮುಂಡಿಪುರಂ:
ಚಟ್ನಿ. ಬೇರೆ ಮಾತೇ ಇಲ್ಲ.

ಒಂಟಿಕೊಪ್ಪಲ್ ಮೇಷ್ಟ್ರು:
ಚಟ್ನಿ ಆಮೇಲೆ. ಮೊದಲು ಇಡ್ಲಿ. ನಲವತ್ತು ವರ್ಷದಿಂದ ನಾನು ಇದನ್ನೇ ಮಾಡುತ್ತಿದ್ದೇನೆ. ಮಸಾಲೆ ದೋಸೆಯಲ್ಲಿ ತಪ್ಪು ಮುಚ್ಚಲು ಹತ್ತು ದಾರಿ ಇದೆ ತಾಯಿ. ಮೇಲೆ ಒಂದು ಉಂಡೆ ಬೆಣ್ಣೆ ಹಾಕಿದರೆ ಅರ್ಧ ಮುಚ್ಚಿಹೋಯಿತು. ಇಡ್ಲಿಗೆ ಅಂಥದ್ದೇನೂ ಇಲ್ಲ. ಅಕ್ಕಿ, ಉದ್ದು, ಉಪ್ಪು, ನೀರು ಅಷ್ಟೇ.

ಬಂದ ಕೂಡಲೇ ಸಾಂಬಾರಿಗೆ ಅದ್ದಬೇಡಿ. ಕೈಯಲ್ಲಿ ಮುರಿದು ನೋಡಿ. ಒಳಗೆ ಸಣ್ಣ ಸಣ್ಣ ತೂತು ಇರಬೇಕು. ಮೂಗಿನ ಹತ್ತಿರ ಹಿಡಿದರೆ ಹದವಾದ ಹುಳಿ ವಾಸನೆ ಬರಬೇಕು. ಸೋಡಾ ಜಾಸ್ತಿ ಬಿದ್ದಿದ್ದರೆ ಇಡ್ಲಿ ಸ್ವಲ್ಪ ಹಳದಿ ತಿರುಗುತ್ತದೆ, ನಾಲಿಗೆ ಮೇಲೆ ಸೋಪಿನ ಹಾಗೆ ಅನ್ನಿಸುತ್ತದೆ. ಹುಳಿ ಬಾರದ ಹಿಟ್ಟನ್ನು ಉಬ್ಬಿಸಲು ಹಾಗೆ ಮಾಡುತ್ತಾರೆ. ಹಿಟ್ಟಿಗೆ ಒಂದು ರಾತ್ರಿ ಕೊಡದವರು ಗಿರಾಕಿಗೆ ಏನು ಕೊಡುತ್ತಾರೆ?

ಚಾಮುಂಡಿಪುರಂ:
ಮೇಷ್ಟ್ರೇ, ಇಡ್ಲಿ ಚೆನ್ನಾಗಿದ್ದು ಚಟ್ನಿ ನೀರಾಗಿದ್ದರೆ ನೀವು ಎರಡನೇ ಸಲ ಹೋಗುತ್ತೀರಾ? ನಾನು ಹೋಗಲ್ಲ. 2025ರಲ್ಲಿ ತೆಂಗಿನಕಾಯಿ ಬೆಲೆ ಏರಿದಾಗ ಯಾರ್ಯಾರು ಏನು ಮಾಡಿದರು ಅಂತ ಚಟ್ನಿಯಲ್ಲೇ ಗೊತ್ತಾಯಿತು. ಕೆಲವರು ಕಾಯಿ ಕಮ್ಮಿ ಮಾಡಿ ಹುರಿಗಡಲೆ ಸುರಿದರು. ಅಂಥ ಚಟ್ನಿ ಹತ್ತು ನಿಮಿಷದಲ್ಲಿ ಗಟ್ಟಿಯಾಗುತ್ತದೆ, ಬಾಯಿಗೆ ಹಿಟ್ಟು ಹಿಟ್ಟು. ಕೆಲವರು ರೇಟ್ ಎರಡು ರೂಪಾಯಿ ಏರಿಸಿ ಚಟ್ನಿಯನ್ನು ಹಾಗೇ ಉಳಿಸಿಕೊಂಡರು. ನಾನು ಈಗಲೂ ಅವರ ಹತ್ತಿರವೇ ಹೋಗುವುದು.

ಉಪ್ಸಾರು:
ಮಂಡ್ಯದಿಂದ ಬರೆಯುತ್ತಿದ್ದೇನೆ. ನೀವೆಲ್ಲ ಬರೀ ತಿಂಡಿ ಹೋಟೆಲ್ ಬಗ್ಗೆ ಮಾತಾಡುತ್ತಿದ್ದೀರಿ. ಊಟದ ಹೋಟೆಲನ್ನು ಹೇಗೆ ನೋಡುತ್ತೀರಿ? ನಾವು ಮುದ್ದೆ ನೋಡುತ್ತೇವೆ ಕಣ್ರೀ.

ಹಂಚಿನ ಮುಂದೆ:
ನಾನು 14 ವರ್ಷ ದೋಸೆ ಹಂಚಿನ ಮುಂದೆ ನಿಂತವನು. ಬೆನ್ನು ನೋವು ಬಂದು ಈಗ ಬಿಟ್ಟಿದ್ದೇನೆ. ಅಕ್ಕ, ನಿಮ್ಮ ದೋಸೆಗೆ ಏನಾಗಿದೆ ಅಂತ ಓದಿದ ಕೂಡಲೇ ಗೊತ್ತಾಯಿತು.

ಕೆಳಗೆ ಕಪ್ಪು, ಒಳಗೆ ಹಸಿ ಅಂದರೆ ಹಂಚು ವಿಪರೀತ ಕಾದಿದೆ. ಒಂದು ಸರತಿ ದೋಸೆ ತೆಗೆದ ಮೇಲೆ ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಆಮೇಲೆ ಹಿಟ್ಟು ಹುಯ್ಯಬೇಕು. ನೀರು ಬಿದ್ದ ಕೂಡಲೇ ಸುಂಯ್ ಅಂತ ಹರಡಿ ಆರಿದರೆ ಹದ ಸರಿ. ಹನಿಗಳು ಗೋಲಿಯ ಹಾಗೆ ಹಂಚಿನ ಮೇಲೆ ಓಡಾಡಿದರೆ ಇನ್ನೂ ಬಿಸಿ ಜಾಸ್ತಿ ಇದೆ, ಇನ್ನೊಂದು ಸಲ ನೀರು ಹಾಕಬೇಕು. ಅಷ್ಟು ಬಿಸಿ ಹಂಚಿನ ಮೇಲೆ ಹಿಟ್ಟು ಹುಯ್ದರೆ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ, ತೆಳ್ಳಗೆ ಎಳೆಯಲು ಬರುವುದಿಲ್ಲ. ದಪ್ಪ ಉಳಿದ ಕಡೆ ಮೇಲೆ ಬೇಯುವ ಮೊದಲೇ ಕೆಳಗೆ ಸೀದಿರುತ್ತದೆ. ಕೆಂಪು ಚಟ್ನಿ ಸವರುವುದಕ್ಕೂ ಹಸಿ ಹಿಟ್ಟು ಬಿಡುವುದಿಲ್ಲ. ಕರಂಡಿ ಒತ್ತಿದರೆ ಹಿಟ್ಟೇ ಎದ್ದು ಬರುತ್ತದೆ. ಅದಕ್ಕೆ ಒಂದು ಮೂಲೆಯಲ್ಲಿ ಹಾಕಿ ಮಡಿಸಿಬಿಟ್ಟಿದ್ದಾನೆ.

ಭಟ್ಟನಿಗೆ ಬರಲ್ಲ ಅಂತ ಇದರ ಅರ್ಥ ಅಲ್ಲ. ಭಾನುವಾರ ಒಂಬತ್ತೂವರೆಗೆ ಹಂಚಿನ ಮೇಲೆ ಒಟ್ಟಿಗೆ ಹನ್ನೆರಡು ದೋಸೆ ಇರುತ್ತವೆ. ಹಿಂದೆ ನಲವತ್ತು ಟೋಕನ್ ಕಾಯುತ್ತಿರುತ್ತದೆ. ಮಾಲೀಕರು ಬಂದು ಬೇಗ ಬೇಗ ಅನ್ನುತ್ತಾರೆ. ನೀರು ಹಾಕಿ ಹಂಚು ಆರಿಸುವ ಅರ್ಧ ನಿಮಿಷವನ್ನೇ ಎಲ್ಲರೂ ಮೊದಲು ಬಿಡುವುದು. ನಾನೂ ಬಿಟ್ಟಿದ್ದೇನೆ, ಮನಸ್ಸಿಲ್ಲದೆ.

ಹೊಸ ಹೋಟೆಲ್ ನೋಡಬೇಕಾದರೆ ವಾರದ ಮಧ್ಯೆ, ಬೆಳಗ್ಗೆ ಏಳೂವರೆಗೆ ಹೋಗಿ. ಖಾಲಿ ದೋಸೆ ಹೇಳಿ. ಪಲ್ಯ ಇಲ್ಲ, ಬೆಣ್ಣೆ ಇಲ್ಲ. ಹಿಟ್ಟು ಏನು, ಕೈ ಏನು ಅಂತ ಎರಡೂ ಅದರಲ್ಲಿ ಕಾಣುತ್ತದೆ.

ಪುಟ್ಟಿ ಅಮ್ಮ:
ಹಂಚಿನ ಮುಂದೆ ಅಣ್ಣ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ನೀರಿನ ಹನಿ ಗೋಲಿ ಥರ ಓಡಾಡಿದರೆ ಹಂಚು ಸರಿಯಾಗಿ ಕಾದಿದೆ ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ. ನಾಳೆ ಬೆಳಗ್ಗೆಯೇ ಮಾಡಿ ನೋಡುತ್ತೇನೆ.

ನಜರ್‌ಬಾದ್ ಬಸ್‌ಸ್ಟಾಪ್:
ಹಸಿ ಅಂದರೆ ಏನು ಅಂತಲೂ ನೋಡಬೇಕು. ನಮ್ಮ ಏರಿಯಾದ ಮೈಲಾರಿ ಹೋಟೆಲಿನ ದೋಸೆ ತಿಂದು "ಗರಿಗರಿ ಇಲ್ಲ" ಅನ್ನುವವರನ್ನು ಎಷ್ಟೋ ಸಲ ನೋಡಿದ್ದೇನೆ. ಅದು ಮೆತ್ತಗೇ ಇರಬೇಕು. ಬಾಯಲ್ಲಿಟ್ಟರೆ ಕರಗಬೇಕು. ಒಳಗೆ ಆಲೂಗಡ್ಡೆ ಪಲ್ಯದ ಬದಲು ಈರುಳ್ಳಿ ಸಾಗು, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಗರಿಗರಿ ಬೇಕಾದವರು ಕೆಂಪಗೆ ಹುಯ್ಯುವ ಕಡೆ ಹೋಗಬೇಕು. ಒಂದರ ಅಳತೆಯಲ್ಲಿ ಇನ್ನೊಂದನ್ನು ಅಳೆಯುವುದು ತಪ್ಪು.

ಚಾಮುಂಡಿಪುರಂ:
ಮೆತ್ತಗಿರುವುದು ಬೇರೆ, ಹಸಿಯಾಗಿರುವುದು ಬೇರೆ. ಅವರ ತಂದೆ ಮೈಸೂರಿನವರೇ ಇರಬೇಕು, ಅಷ್ಟೂ ಗೊತ್ತಾಗಲ್ವಾ?

ಬೋಗಾದಿ ಹುಡುಗಿ:
ಅಪ್ಪ ಹುಟ್ಟಿ ಬೆಳೆದಿದ್ದು ಅಗ್ರಹಾರದಲ್ಲಿ. ಮೆತ್ತನೆ ದೋಸೆ ಅಂದರೆ ಅವರಿಗೆ ಪ್ರಾಣ. ಇದು ಹಾಗಿರಲಿಲ್ಲ. ಬೆರಳಿಗೆ ಹಿಟ್ಟು ಮೆತ್ತಿಕೊಂಡಿತು.

ಲ್ಯಾಬ್ ಕೋಟು:
ದೋಸೆ ಕೆಂಪಗಾಗುವುದರ ಬಗ್ಗೆ ಒಂದು ಮಾತು. ಹಿಟ್ಟಿಗೆ ಸ್ವಲ್ಪ ಕಡಲೆಬೇಳೆ, ಮೆಂತ್ಯ, ಅವಲಕ್ಕಿ ಹಾಕುತ್ತಾರೆ. ಬೇಳೆಯ ಪ್ರೋಟೀನು, ಹಿಟ್ಟಿನಲ್ಲಿರುವ ಸಕ್ಕರೆ ಬಿಸಿಗೆ ಸೇರಿದಾಗ ಆ ಬಣ್ಣ, ಆ ಘಮ ಬರುತ್ತದೆ. ಕೆಲವರು ಚಿಟಿಕೆ ಸಕ್ಕರೆ ಸೇರಿಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಜಾಸ್ತಿಯಾದರೆ ಮಾತ್ರ ಬೇಯುವ ಮೊದಲೇ ಬಣ್ಣ ಬಂದುಬಿಡುತ್ತದೆ, ನೋಡಿದವರು ಬೆಂದಿದೆ ಅಂದುಕೊಂಡು ತೆಗೆಯುತ್ತಾರೆ. ನಿಮ್ಮ ದೋಸೆಯಲ್ಲಿ ಅದೂ ಇರಬಹುದು.

ಇನ್ನೊಂದು, ಚಳಿಗಾಲ. ಡಿಸೆಂಬರ್, ಜನವರಿಯಲ್ಲಿ ಮೈಸೂರಿನ ರಾತ್ರಿಗೆ ಹಿಟ್ಟು ನಿಧಾನವಾಗಿ ಹುದುಗುತ್ತದೆ. ಉದ್ದಿನಲ್ಲೇ ಇರುವ ಬ್ಯಾಕ್ಟೀರಿಯಾಗಳು ಈ ಕೆಲಸ ಮಾಡುವುದು, ಅವಕ್ಕೆ ಬೆಚ್ಚಗಿರಬೇಕು. ಒಳ್ಳೆ ಹೋಟೆಲಿನವರು ಆ ತಿಂಗಳಲ್ಲಿ ಸಂಜೆ ಬೇಗ ರುಬ್ಬಿಡುತ್ತಾರೆ.

ಉಪ್ಸಾರು:
ಮುದ್ದೆ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ.

ಎಸರು ಕುದಿಯುವಾಗ ಹಿಟ್ಟು ಸುರಿದು, ಮುಟ್ಟದೆ ಬೇಯಲು ಬಿಡಬೇಕು. ಆಮೇಲೆ ಕೋಲಿನಲ್ಲಿ ತಿರುವಬೇಕು. ಅವಸರ ಮಾಡಿದರೆ ಒಳಗೆ ಒಣ ಹಿಟ್ಟಿನ ಗಂಟು ಉಳಿಯುತ್ತದೆ. ತಟ್ಟೆಗೆ ಬಂದ ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿ. ಮೇಲೆ ಹೊಳಪಿರಬೇಕು, ಕೈಗೆ ಅಂಟಬಾರದು, ಮುರಿದರೆ ಆವಿ ಬರಬೇಕು. ತಣ್ಣಗಾಗಿ ಸಿಪ್ಪೆ ಕಟ್ಟಿದ್ದರೆ ಅದು ಹನ್ನೆರಡು ಗಂಟೆಗೆ ಕಟ್ಟಿಟ್ಟ ಮುದ್ದೆ. ನಮ್ಮ ಊರಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಹೋದರೂ ಬಿಸಿ ಮುದ್ದೆ ಹಾಕುವ ಸಣ್ಣ ಹೋಟೆಲ್‌ಗಳಿವೆ. ಹತ್ತು ಹತ್ತು ಮುದ್ದೆಯಾಗಿ ತಿರುವುತ್ತಾರೆ. ಅಂಥ ಕಡೆ ಉಪ್ಸಾರೂ ಚೆನ್ನಾಗೇ ಇರುತ್ತದೆ, ಯಾಕೆಂದರೆ ಅಲ್ಲಿ ಅಡುಗೆಯವರು ಇನ್ನೂ ಒಲೆ ಮುಂದೆ ಇದ್ದಾರೆ. ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟು, ಅದಕ್ಕೆ ಬೇರೆಯಾಗಿ ಅರೆದ ಖಾರ. ಖಾರ ಹಳಸಿದ್ದರೆ ಮೊದಲ ತುತ್ತಿಗೇ ಗೊತ್ತಾಗುತ್ತದೆ.

ಒಂಟಿಕೊಪ್ಪಲ್ ಮೇಷ್ಟ್ರು:
ಉಪ್ಸಾರು ಅವರೇ, ಮೂರು ಗಂಟೆಯ ಮಾತು ಬಹಳ ಇಷ್ಟವಾಯಿತು. ರಾಗಿ ವಿಷಯದಲ್ಲಿ ನಿಮ್ಮೂರಿಗೆ ಹೇಳುವ ಹಕ್ಕೂ ಇದೆ. ಇಂಡಾಫ್ ರಾಗಿ ತಳಿಗಳು ನಿಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್‌ನಲ್ಲೇ ಅಲ್ವಾ ಬಂದಿದ್ದು? ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸೇರಿಸಿ ಲಕ್ಷ್ಮಣಯ್ಯನವರು ಮಾಡಿದ್ದು. ಅವರನ್ನು ಜನ ರಾಗಿ ಲಕ್ಷ್ಮಣಯ್ಯ ಅಂತಲೇ ಕರೆಯುತ್ತಿದ್ದರು. ನಮ್ಮ ತಂದೆ ಅವರ ಹೆಸರು ಹೇಳಿಯೇ ಬಿತ್ತನೆ ರಾಗಿ ತರುತ್ತಿದ್ದರು.

ಉಪ್ಸಾರು:
ಹೌದು ಸಾರ್. ಅವರ ಹೆಸರು ನೆನಪಿಟ್ಟುಕೊಂಡವರು ಸಿಕ್ಕಿದ್ದು ತುಂಬಾ ಸಂತೋಷ.

ಬೈಟು:
ನನ್ನ ಅಳತೆ ಕಾಫಿ. ನಾನು ಕಾಫಿ ಪುಡಿ ಅಂಗಡಿಯಲ್ಲಿ ಆರು ವರ್ಷ ಇದ್ದೆ. ಕಾಫಿಗೆ ಚಿಕೋರಿ ಬೆರೆಸಿದ ಪುಡಿ ಅಂತ ಮಾರಬೇಕಾದರೆ ಅದರಲ್ಲಿ ಕಾಫಿ ನೂರಕ್ಕೆ ಕನಿಷ್ಠ 51 ಭಾಗ ಇರಬೇಕು, ಪ್ಯಾಕೆಟ್ ಮೇಲೆ ಎಷ್ಟೆಷ್ಟು ಅಂತ ಬರೆದಿರಬೇಕು. ಹೋಟೆಲಿನವರು ಯಾವ ಪುಡಿ ಒಯ್ಯುತ್ತಾರೆ ಅಂತ ನೋಡಿಯೇ ಅವರ ಲೆಕ್ಕಾಚಾರ ಗೊತ್ತಾಗುತ್ತಿತ್ತು. ಚಿಕೋರಿ ಜಾಸ್ತಿಯಾದರೆ ಬಣ್ಣ ಕಡು ಬರುತ್ತದೆ, ಡಿಕಾಕ್ಷನ್ ಗಟ್ಟಿ ಅನ್ನಿಸುತ್ತದೆ, ಆದರೆ ಕುಡಿದಾದ ಮೇಲೆ ಬಾಯಲ್ಲಿ ಕಾಫಿಯ ಘಮ ನಿಲ್ಲುವುದಿಲ್ಲ. ಬೆಳಗ್ಗೆ ಆರು ಗಂಟೆ ಕಾಫಿ ಎಲ್ಲರೂ ಚೆನ್ನಾಗಿಯೇ ಕೊಡುತ್ತಾರೆ. ಹನ್ನೊಂದು ಗಂಟೆಗೆ ಕುಡಿದು ನೋಡಿ. ಬೆಳಗಿನ ಡಿಕಾಕ್ಷನ್ನನ್ನೇ ಬಿಸಿ ಮಾಡುತ್ತಾ ಕೂತಿದ್ದರೆ ಒಗರು ಬಂದಿರುತ್ತದೆ.

ನಾಟಿ ಊಟ:
ಸಾಂಬಾರ್ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ? ಎಲ್ಲಿ ಹೋದರೂ ಬೆಲ್ಲ. ಇಡ್ಲಿ ಅದ್ದಿದರೆ ಪಾಯಸ ತಿಂದ ಹಾಗಾಗುತ್ತದೆ.

ಕರಾವಳಿ ಕಡೆಯವಳು:
ಬೆಲ್ಲ ಹಾಕುವುದು ಉಡುಪಿ ಕಡೆಯ ಪದ್ಧತಿ. ಹುಣಸೆ, ಮೆಣಸಿನಕಾಯಿ, ಬೆಲ್ಲ ಮೂರೂ ಸಮವಾಗಿದ್ದರೆ ಅದರ ರುಚಿಯೇ ಬೇರೆ. ಮೈಸೂರಿನಲ್ಲಿ ತಿಂಡಿ ಹೋಟೆಲ್ ಹಾಕಿದವರಲ್ಲಿ ಎಷ್ಟೋ ಜನ ನಮ್ಮ ಕಡೆಯವರು. ಬೆಲ್ಲವನ್ನು ದೂರಬೇಡಿ, ಹದ ತಪ್ಪಿದ್ದನ್ನು ದೂರಿ.

ನಾಟಿ ಊಟ:
ಹದ ತಪ್ಪದೆ ಇರುವ ಕಡೆ ಒಂದು ಸಲ ನನ್ನನ್ನು ಕರೆದುಕೊಂಡು ಹೋಗಿ ಅಕ್ಕ. ತಿಂದು ಮಾತು ವಾಪಸ್ ತಗೊಳ್ಳುತ್ತೇನೆ.

ಮದ್ದೂರು ಪ್ಯಾಸೆಂಜರ್:
ಮಧ್ಯೆ ಬಂದಿದ್ದಕ್ಕೆ ಕ್ಷಮೆ ಇರಲಿ. ವಡೆ ಬಗ್ಗೆಯೂ ಹೇಳಬೇಕು. ಈಗ ಎಲ್ಲ ಊರಲ್ಲೂ ಮದ್ದೂರು ವಡೆ ಅಂತ ಬೋರ್ಡು. ತಿಂದರೆ ಒಂದೋ ಮೆತ್ತಗೆ ಬೋಂಡಾ ಥರ, ಇಲ್ಲ ಬಿಸ್ಕತ್ ಥರ ಗಟ್ಟಿ. ಅಕ್ಕಿ ಹಿಟ್ಟು, ಮೈದಾ, ರವೆ, ಕಾಯಿಸಿದ ತುಪ್ಪವೋ ಎಣ್ಣೆಯೋ ಹಾಕಿ ಕೈಯಲ್ಲಿ ಉಜ್ಜಬೇಕು, ಹಿಡಿದರೆ ಉಂಡೆ ನಿಲ್ಲಬೇಕು. ನೀರು ಕಮ್ಮಿ, ಈರುಳ್ಳಿಯ ನೀರೇ ಅರ್ಧ ಸಾಕು. ತಟ್ಟಿ ಸಣ್ಣ ಉರಿಯಲ್ಲಿ ಕರಿಯಬೇಕು. ಅಂಚು ಕಟುಂ ಅನ್ನಬೇಕು, ಮಧ್ಯೆ ಈರುಳ್ಳಿ ಸಿಹಿ ಸಿಗಬೇಕು. ಮದ್ದೂರು ಸ್ಟೇಷನ್ನಿನಲ್ಲಿ ಪಕೋಡ ಮಾಡುತ್ತಿದ್ದವರು ರೈಲು ಬೇಗ ಬಂದಿತೆಂದು ಹಿಟ್ಟನ್ನು ತಟ್ಟಿ ಕರಿದುಬಿಟ್ಟರು, ಅದೇ ವಡೆಯಾಯಿತು ಅಂತ ನಮ್ಮ ಊರಲ್ಲಿ ಹೇಳುವ ಕಥೆ.

ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ಮೇಲೆ ಹಳೇ ರಸ್ತೆಯ ಹೋಟೆಲ್‌ಗಳಿಗೆ ಬಹಳ ಪೆಟ್ಟು ಬಿತ್ತು. ಬೆಂಗಳೂರಿನಿಂದ ಬರುವವರು ಊರೊಳಗೆ ಇಳಿಯುವುದೇ ಇಲ್ಲ. ನಮ್ಮ ಚಿಕ್ಕಪ್ಪನ ಅಂಗಡಿಯಲ್ಲಿ ದಿನಕ್ಕೆ ಆರು ಬಾಣಲೆ ತೆಗೆಯುತ್ತಿದ್ದರು, ಈಗ ಎರಡು. ದಯವಿಟ್ಟು ಒಂದು ಹತ್ತು ನಿಮಿಷ ಇಳಿದು ಬನ್ನಿ.

ಪುಟ್ಟಿ ಅಮ್ಮ:
ನಾವು ಪ್ರತಿ ಸಲ ಇಳಿಯುತ್ತೇವೆ ತಮ್ಮ. ಮಕ್ಕಳು ಮಂಡ್ಯ ದಾಟುವ ಮೊದಲೇ ವಡೆ ವಡೆ ಅಂತ ಶುರು ಮಾಡುತ್ತಾರೆ.

ಲ್ಯಾಬ್ ಕೋಟು:
ವಡೆ ಮಾತು ಬಂತು ಅಂತ ಎಣ್ಣೆ ಬಗ್ಗೆಯೂ ಹೇಳಿಬಿಡುತ್ತೇನೆ. ಬಾಣಲೆಯ ಎಣ್ಣೆ ಕಪ್ಪಗೆ, ದಪ್ಪಗೆ ಆಗಿ ಅಂಚಿನಲ್ಲಿ ನೊರೆ ನಿಂತಿದ್ದರೆ ತಿನ್ನಬೇಡಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಗೆ 2018ರ ಜುಲೈನಿಂದ ಮಿತಿ ಇದೆ. ಕೆಟ್ಟ ಅಂಶ ನೂರಕ್ಕೆ 25 ಭಾಗ ದಾಟಿದರೆ ಅದನ್ನು ಬಳಸುವ ಹಾಗಿಲ್ಲ. ಇಡ್ಲಿ ತಟ್ಟೆಗೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕುವುದನ್ನೂ 2025ರಲ್ಲಿ ನಮ್ಮ ಸರ್ಕಾರ ನಿಲ್ಲಿಸಿತು. ರುಚಿಗೆ ಮೊದಲು ಇದನ್ನು ನೋಡಬೇಕು ಅಂತ ನನ್ನ ಅಭಿಪ್ರಾಯ.

ಸಣ್ಣ ಹೋಟೆಲ್:
ನಾನು ಗಲ್ಲಾಪೆಟ್ಟಿಗೆ ಈ ಕಡೆ ಕೂರುವವನು. ಎಂಟು ಟೇಬಲ್ ಹೋಟೆಲ್, ಅಪ್ಪ ಶುರು ಮಾಡಿದ್ದು. ಬೋಗಾದಿ ಅಕ್ಕ ಬರೆದಿದ್ದನ್ನು ತೆಗೆದರು ಅಂತ ಓದಿ ಮನಸ್ಸಿಗೆ ಹಿತವಾಯಿತು. ನಮಗೆ ಬಂದ ಒಂದು ಸ್ಟಾರ್‌ಗಳಲ್ಲಿ ಅರ್ಧ, ಗಾಡಿ ನಿಲ್ಲಿಸಲು ಜಾಗ ಇಲ್ಲ ಅಂತ. ಅದನ್ನು ನಾನು ಏನು ಮಾಡಲಿ? ಆದರೆ ಒಬ್ಬರು ಅಮ್ಮ ಒಂದು ದಿನ ಗಲ್ಲಾ ಹತ್ತಿರ ಬಂದು, "ಪಲ್ಯದಲ್ಲಿ ಆಲೂಗಡ್ಡೆ ಸಿಹಿ ಬರ್ತಿದೆ, ಕೋಲ್ಡ್ ಸ್ಟೋರೇಜಿಂದು ಇರಬೇಕು ನೋಡಿ" ಅಂದರು. ನಿಜವಾಗಿಯೂ ಹಾಗೇ ಇತ್ತು. ಅಂದೇ ಸಂಜೆ ಮೂಟೆ ವಾಪಸ್ ಕಳಿಸಿ ಬೇರೆ ತರಿಸಿದೆ. ಮೊದಲು ನಮಗೆ ಹೇಳಿ. ಹೇಳಿದ ಮೇಲೂ ಕೇಳದಿದ್ದರೆ ಧಾರಾಳವಾಗಿ ಬರೆಯಿರಿ.

ಚಾಮುಂಡಿಪುರಂ:
ಹೇಳಿದರೆ ಮುಖ ಗಂಟು ಹಾಕುವವರೂ ಇದ್ದಾರೆ ಸಾರ್. ಒಂದು ಕಡೆ ಸರ್ವಿಸ್ ಚಾರ್ಜ್ ಯಾಕೆ ಹಾಕಿದ್ದೀರಿ ಅಂತ ಕೇಳಿದ್ದಕ್ಕೆ ಜಗಳಕ್ಕೇ ಬಂದರು. ಕೇಳದೆ ಬಿಲ್ಲಿಗೆ ಸೇರಿಸುವ ಹಾಗಿಲ್ಲ ಅಂತ 2022ರಲ್ಲೇ ಗ್ರಾಹಕ ಪ್ರಾಧಿಕಾರ ಹೇಳಿದೆ. ಶೇ 5ರ ಜಿಎಸ್‌ಟಿ ಬೇರೆ, ಅದನ್ನು ಕೊಡಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ.

ಸಣ್ಣ ಹೋಟೆಲ್:
ಆ ಮಾತು ಒಪ್ಪುತ್ತೇನೆ. ಅಂಥವರಿಂದ ನಮಗೂ ಕೆಟ್ಟ ಹೆಸರು.

ಹಂಚಿನ ಮುಂದೆ:
ದೋಸೆ ಸರಿಯಿಲ್ಲದಿದ್ದರೆ ತಟ್ಟೆ ಹಿಡಿದುಕೊಂಡು ಹಂಚಿನ ಹತ್ತಿರವೇ ಬನ್ನಿ. ನಮಗೆ ಕೋಪ ಬರಲ್ಲ. ಇನ್ನೊಂದು ಹುಯ್ದು ಕೊಡಲು ಎರಡು ನಿಮಿಷ ಸಾಕು. ಯಾರೂ ಹೇಳದೆ ಅರ್ಧ ಬಿಟ್ಟ ತಟ್ಟೆ ತೊಳೆಯುವ ಕಡೆಗೆ ಹೋದರೆ ನಮಗೆ ಗೊತ್ತೇ ಆಗುವುದಿಲ್ಲ. ಗೊತ್ತಾದ ದಿನ ರಾತ್ರಿ ನಿದ್ದೆ ಬರುವುದಿಲ್ಲ.

ಬೋಗಾದಿ ಹುಡುಗಿ:
ಎಲ್ಲರ ಮಾತೂ ಓದಿದೆ. ಬುಧವಾರ ಬೆಳಗ್ಗೆ ಏಳೂವರೆಗೆ ಮತ್ತೆ ಹೋದೆವು. ಅಪ್ಪ ಬರಲ್ಲ ಅಂದಿದ್ದರು, ಮೇಷ್ಟ್ರು ಬರೆದಿದ್ದನ್ನು ಓದಿ ಹೇಳಿದ ಮೇಲೆ ಚಪ್ಪಲಿ ಹಾಕಿಕೊಂಡರು.

ಎರಡು ಪ್ಲೇಟ್ ಇಡ್ಲಿ, ಒಂದು ಖಾಲಿ ದೋಸೆ. ಇಡ್ಲಿ ಮುರಿದು ನೋಡಿದೆ. ತೂತು ಇತ್ತು, ಹುಳಿ ಹದವಾಗಿತ್ತು, ಸೋಡಾ ಗೊತ್ತಾಗಲಿಲ್ಲ. ಚಾಮುಂಡಿಪುರಂ ಅವರೇ, ಚಟ್ನಿಯಲ್ಲಿ ಕಾಯಿ ಸರಿಯಾಗಿತ್ತು, ಹಸಿಶುಂಠಿ ಒಂದು ಚೂರು ಜಾಸ್ತಿ. ಸಾಂಬಾರ್ ಸಿಹಿ, ನಾಟಿ ಊಟ ಅವರು ಬರುವುದು ಬೇಡ. ಕಾಫಿ ಚೆನ್ನಾಗಿತ್ತು, ಆದರೆ ಹನ್ನೊಂದು ಗಂಟೆಗೆ ನೋಡಿಲ್ಲ.

ದೋಸೆ ಹುಯ್ಯುವ ಹುಡುಗನ ಹತ್ತಿರ ಅಪ್ಪನೇ ಹೋಗಿ ನಿಂತರು. ಇಪ್ಪತ್ತೆರಡು ವರ್ಷ ಇರಬಹುದು. ನೀರು ಚಿಮುಕಿಸಿ, ಪೊರಕೆ ಎಳೆದು, ಸ್ವಲ್ಪ ತಡೆದು ಹಿಟ್ಟು ಹುಯ್ದ. ಭಾನುವಾರದ ದೋಸೆ ಬಗ್ಗೆ ಅಪ್ಪ ಮೆಲ್ಲಗೆ ಹೇಳಿದರು. ಅವನು ತಲೆ ಎತ್ತಿ, "ಅವತ್ತು ಇನ್ನೊಬ್ಬ ಬಂದಿರಲಿಲ್ಲ ತಾತ, ನಾನೊಬ್ಬನೇ ಇದ್ದೆ" ಅಂದ. ಅಪ್ಪ ಆ ದೋಸೆಯನ್ನು ಪೂರ್ತಿ ತಿಂದರು, ಕೊನೆಗೆ ತಟ್ಟೆಯ ಚಟ್ನಿಯನ್ನೂ ಬಳಿದರು.

ಈಗ ಮೂರು ಸ್ಟಾರ್ ಕೊಟ್ಟು ಬರೆದಿದ್ದೇನೆ. ಭಾನುವಾರ ಹಂಚಿಗೆ ಇನ್ನೊಬ್ಬರನ್ನು ಹಾಕಿ ಅಂತ ಮಾಲೀಕರಿಗೆ ಎದುರಿಗೇ ಹೇಳಿ ಬಂದೆ. ನೋಡೋಣ ಅಂದರು.

ಹಂಚಿನ ಮುಂದೆ:
ಆ ಹುಡುಗನಿಗೆ ಕೈ ಇದೆ ಅಕ್ಕ. ಬಿಡದೆ ಹೋಗಿ.

ಉಪ್ಸಾರು:
ಅಪ್ಪನವರನ್ನು ಒಂದು ದಿನ ಮಂಡ್ಯಕ್ಕೆ ಕರೆದುಕೊಂಡು ಬನ್ನಿ. ಮೂರು ಗಂಟೆಗೇ ಬನ್ನಿ, ಬಿಸಿ ಮುದ್ದೆ ನನ್ನ ಲೆಕ್ಕ.